ತೆಳ್ಳನೆಯ ಮೈಯಲ್ಲಿ ಇಷ್ಟು ಕೊಬ್ಬೆಲ್ಲಿಂದ?

ವೀರನಹೊಸಹಳ್ಳಿ ಅಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ನಾಗರಹೊಳೆ ಕಾಡಿನ ಹೆಬ್ಬಾಗಿಲು. ದಸರೆಯ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ಊರು. ಆ ಕಡೆಯ ಸೋದರಿಯೊಬ್ಬರು ಬರೆದ ಪತ್ರ ಈ ಸಲ ನಮ್ಮ ಕೈಸೇರಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸ್ವಲ್ಪ ಮೊಟಕು ಮಾಡಿ ಕೊಡುತ್ತೇನೆ:

“ನಮ್ಮ ಯಜಮಾನರಿಗೆ ಮೂವತ್ತೆಂಟು ವರ್ಷ. ನೋಡೋಕೆ ಕಡ್ಡಿ ಹಾಗಿದ್ದಾರೆ. ಬೆಳಗಾದರೆ ಹೊಗೆಸೊಪ್ಪಿನ ಹೊಲ, ಸಂಜೆಯಾದರೆ ದನಕರು. ತಿನ್ನೋದು ಮುದ್ದೆ, ಸೊಪ್ಪಿನ ಸಾರು. ಬೆಣ್ಣೆ ತುಪ್ಪ ಹಬ್ಬಕ್ಕೆ ಮಾತ್ರ. ಹೋದ ವರ್ಷ ನಮ್ಮ ಭಾವನವರು ನಲವತ್ತೆರಡಕ್ಕೇ ಎದೆನೋವು ಬಂದು ತೀರಿಕೊಂಡರು. ಆ ಭಯಕ್ಕೆ ಇವರನ್ನೂ ಕರಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದೆ. ಕೊಲೆಸ್ಟರಾಲ್ 342, ಅದರಲ್ಲಿ ಎಲ್‌ಡಿಎಲ್ 265 ಅಂತ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇವರು, ‘ನನ್ನ ಮೈಯಲ್ಲಿ ಕೊಬ್ಬೆಲ್ಲಿದೆ? ಯಾರದ್ದೋ ಚೀಟಿ ನಮಗೆ ಬಂದಿರಬೇಕು’ ಅಂತ ಮಾತ್ರೆ ಮುಟ್ತಿಲ್ಲ. ಅತ್ತೆಯವರು, ‘ಇವಳ ಕೈ ಅಡಿಗೆಯಿಂದಲೇ ಹಿಂಗಾಯ್ತು’ ಅಂತಾರೆ. ಎರಡು ತಿಂಗಳಿಂದ ಒಗ್ಗರಣೆಗೂ ಎಣ್ಣೆ ಹಾಕ್ತಿಲ್ಲ. ಮತ್ತೆ ನೋಡಿಸಿದರೆ 250 ಇದೆ. ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ ಇದ್ದಾರೆ. ನಾನೇನು ಮಾಡಲಿ?”

ಸೋದರಿ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಇದು ನಿಮ್ಮ ಅಡಿಗೆಯಿಂದ ಆದದ್ದಲ್ಲ. ಎರಡು ಸಲ ನೋಡಿಸಿ ಎರಡು ಸಲವೂ ಹೆಚ್ಚೇ ಬಂದಿದೆ, ಆದ್ದರಿಂದ ಚೀಟಿ ಅದಲುಬದಲಾಗಿದೆ ಎನ್ನುವಂತೆಯೂ ಇಲ್ಲ. ಎರಡು ತಿಂಗಳು ಎಣ್ಣೆ ಬಿಟ್ಟರೂ ಅದು ಯಾಕೆ ಇಳಿಯಲಿಲ್ಲ, ತೆಳ್ಳಗಿರುವವರಲ್ಲಿ ಯಾಕೆ ಏರಿತು, ಮಕ್ಕಳ ವಿಷಯದಲ್ಲಿ ಏನು ಮಾಡಬೇಕು—ಇದು ತಿಳಿಯಬೇಕಾದರೆ ನಾವು ತಿಂದ ಜಿಡ್ಡು ಮೈಯೊಳಗೆ ಎಲ್ಲಿ ಹೋಗುತ್ತದೆ, ರಕ್ತದಿಂದ ಅದನ್ನು ಯಾರು ತೆಗೆಯುತ್ತಾರೆ ಅನ್ನೋದನ್ನ ನೋಡಬೇಕು. ವಿಷಯ ಸ್ವಲ್ಪ ಉದ್ದ. ಕೆಲಸ ಮುಗಿಸಿ ನಿಧಾನವಾಗಿ ಕೂತು ಓದಿ.

ನೀರಲ್ಲಿ ಕರಗದ ಜಿಡ್ಡು

ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ಲವೆ? ಎಷ್ಟು ಕದಡಿದರೂ ಬೆರೆಯೋದಿಲ್ಲ. ರಕ್ತದಲ್ಲಿ ಬಹುಪಾಲು ನೀರೇ. ಅದರೊಳಗೆ ಎಣ್ಣೆ ಹಾಗೇ ಬಿದ್ದರೆ ಹೀಗೆಯೇ ತೇಲಿ ಗುಳ್ಳೆಗಟ್ಟಿ ಕೂತೀತು. ಆದ್ದರಿಂದ ಶರೀರ ಒಂದು ಉಪಾಯ ಮಾಡಿದೆ. ಜಿಡ್ಡನ್ನೆಲ್ಲ ಚಿಕ್ಕ ಚಿಕ್ಕ ಮೂಟೆ ಕಟ್ಟಿ, ಮೂಟೆಯ ಮೇಲೆ ಪ್ರೋಟೀನಿನ ಹೊದಿಕೆ ಹಾಕಿ ರಕ್ತಕ್ಕೆ ಬಿಡುತ್ತದೆ. ಈ ಹೊದಿಕೆಯ ಪ್ರೋಟೀನು ಬರೀ ಬಟ್ಟೆಯಲ್ಲ, ವಿಳಾಸ ಬರೆದ ಚೀಟಿಯೂ ಹೌದು. ಯಾವ ಮೂಟೆ ಎಲ್ಲಿ ಬಿಚ್ಚಬೇಕು, ಯಾರು ಒಳಗೆ ಕರೆದುಕೊಳ್ಳಬೇಕು ಅನ್ನೋದೆಲ್ಲ ಈ ಚೀಟಿಯ ಮೇಲೇ ನಿಂತಿದೆ.

ಊಟದ ಜಿಡ್ಡು ಸಣ್ಣಕರುಳಿನಲ್ಲಿ ಪಿತ್ತರಸದಿಂದ ನುಣ್ಣಗಾಗಿ, ಜೀರ್ಣವಾಗಿ, ಕರುಳಿನ ಗೋಡೆಯೊಳಗೆ ಮತ್ತೆ ಮೂಟೆಯಾಗುತ್ತದೆ. ಇದಕ್ಕೆ ಕೈಲೊಮೈಕ್ರಾನ್ ಅಂತ ಹೆಸರು. ಜಿಡ್ಡಿನ ಮೂಟೆಗಳಲ್ಲಿ ಇದೇ ದೊಡ್ಡದು. ಹಬ್ಬದ ಊಟ ಮಾಡಿದ ಎರಡು ಮೂರು ಗಂಟೆಗೆ ರಕ್ತ ತೆಗೆದು ಸ್ವಲ್ಪ ಹೊತ್ತು ಇಟ್ಟರೆ ಮೇಲಿನ ತಿಳಿ ಹಾಲು ಬೆರೆಸಿದ ಹಾಗೆ ಮಬ್ಬಾಗಿ ಕಾಣುವುದುಂಟು. ಅದು ಈ ಮೂಟೆಗಳ ಬಣ್ಣ. ರಾತ್ರಿ ಊಟವಾದ ಮೇಲೆ ಬೆಳಿಗ್ಗೆಯ ತನಕ ಏನೂ ತಿನ್ನದೆ ಬನ್ನಿ ಅಂತ ಲ್ಯಾಬಿನವರು ಹೇಳುವುದು ಇದಕ್ಕಾಗಿಯೇ.

ಮೊದಲು ಬಿಚ್ಚುವ ಜಾಗ

ಹಾಲಿನ ಹಾಗಿದ್ದ ರಕ್ತ ಮತ್ತೆ ತಿಳಿಯಾಗುವುದು ಹೇಗೆ? 1943ರಲ್ಲಿ ಅಮೆರಿಕದಲ್ಲಿ ಹಾನ್ ಎಂಬ ವಿಜ್ಞಾನಿ ಒಂದು ಸೋಜಿಗ ಕಂಡರು. ಚೆನ್ನಾಗಿ ಜಿಡ್ಡು ತಿಂದ ನಾಯಿಗೆ ಹೆಪಾರಿನ್ ಎಂಬ ಔಷಧಿ ಚುಚ್ಚಿದರೆ ಮಬ್ಬಾಗಿದ್ದ ರಕ್ತ ಬೇಗನೆ ತಿಳಿಯಾಗಿಬಿಡುತ್ತಿತ್ತು. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಯಾವುದೋ ವಸ್ತುವನ್ನು ಹೆಪಾರಿನ್ ಸಡಿಲಿಸಿ ರಕ್ತಕ್ಕೆ ಬಿಡುತ್ತಿದೆ, ಅದೇ ಜಿಡ್ಡನ್ನು ಒಡೆಯುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಆ ವಸ್ತುವೇ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ.

ಮಾಂಸಖಂಡ, ಕೊಬ್ಬಿನ ಪದರ, ಹೃದಯ, ಇಲ್ಲೆಲ್ಲ ಇರುವ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಗೋಡೆಗೆ ಈ ಕಿಣ್ವ ಕೂತಿರುತ್ತದೆ. ಮೂಟೆ ಹಾದುಹೋಗುವಾಗ ಹಿಡಿದು ನಿಲ್ಲಿಸುತ್ತದೆ. ಹೊದಿಕೆಯಲ್ಲಿ ಅಪೊ ಸಿ-2 ಎಂಬ ಪ್ರೋಟೀನಿದ್ದರೆ ಮಾತ್ರ ಕೆಲಸ ಶುರು. ಬೀಗಕ್ಕೆ ಬೀಗದಕೈ ಇದ್ದಹಾಗೆ. ಒಳಗಿನ ಟ್ರೈಗ್ಲಿಸರೈಡ್ ಎಂಬ ಎಣ್ಣೆಯನ್ನು ಒಡೆದು ಅಲ್ಲಲ್ಲೇ ಹಂಚುತ್ತದೆ. ದುಡಿಯುವ ಮಾಂಸಖಂಡ ಅದನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ, ಕೊಬ್ಬಿನ ಪದರ ನಾಳೆಗೆಂದು ಕೂಡಿಡುತ್ತದೆ. ಮೂಟೆ ಕರಗಿ ಕರಗಿ ಚಿಕ್ಕದಾದಾಗ ಉಳಿದ ಶೇಷವನ್ನು ಯಕೃತ್ತು, ಅಂದರೆ ಲಿವರ್, ಎಳೆದುಕೊಳ್ಳುತ್ತದೆ. ಅದಕ್ಕೆ ಅಪೊ ಇ ಎಂಬ ಇನ್ನೊಂದು ಚೀಟಿ ಗುರುತು.

ನಡೆದಾಡುವ, ಗೇಯುವ ಮೈಯ ಮಾಂಸಖಂಡಗಳಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ನಿಮ್ಮ ಯಜಮಾನರು ತೆಳ್ಳಗಿರುವುದಕ್ಕೆ, ಅವರ ಟ್ರೈಗ್ಲಿಸರೈಡ್ ಅಷ್ಟೇನೂ ಏರದೆ ಇರುವುದಕ್ಕೆ ಅವರ ದುಡಿಮೆ ಬಹಳ ಮಟ್ಟಿಗೆ ಕಾರಣ. ಕೂತೇ ಇರುವವರಲ್ಲಿ, ಸಕ್ಕರೆ, ಮೈದಾ, ಬಿಳಿ ಅನ್ನ ಹೆಚ್ಚು ತಿನ್ನುವವರಲ್ಲಿ, ಹೆಂಡ ಸಾರಾಯಿ ಅಭ್ಯಾಸದವರಲ್ಲಿ, ಸಕ್ಕರೆಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಏರುವುದು ಈ ಟ್ರೈಗ್ಲಿಸರೈಡ್. ಅದು ಸಾವಿರ ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ಆದರೆ ಈ ಪತ್ರದ ವ್ಯಾಜ್ಯ ಅದಲ್ಲ. ಇಲ್ಲಿರುವುದು ಎಲ್‌ಡಿಎಲ್ ವಿಚಾರ. ಅದರ ದಾರಿಯೇ ಬೇರೆ.

ಎಲ್‌ಡಿಎಲ್ ಎಲ್ಲಿಂದ ಬಂತು?

ಕೊಲೆಸ್ಟರಾಲ್ ಅಂದ ಕೂಡಲೇ ಶತ್ರು ಅಂತ ತಿಳಿಯಬೇಡಿ. ಮೈಯ ಪ್ರತಿ ಜೀವಕೋಶದ ಗೋಡೆಗೂ ಅದು ಬೇಕು. ಪಿತ್ತರಸ ಅದರಿಂದಲೇ ಆಗುವುದು. ಹೆಣ್ಣನ್ನು ಹೆಣ್ಣಾಗಿಸುವ, ಗಂಡನ್ನು ಗಂಡಾಗಿಸುವ ಹಾರ್ಮೋನುಗಳಿಗೂ ಅದೇ ಮೂಲ. ಹೀಗೆ ಬೇಕೇಬೇಕಾದ ವಸ್ತುವಾದ್ದರಿಂದ ಶರೀರ ಊಟವನ್ನೇ ನೆಚ್ಚಿಕೊಂಡು ಕೂರುವುದಿಲ್ಲ. ಬೇಕಾದ್ದರಲ್ಲಿ ಹೆಚ್ಚಿನ ಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮೊಟ್ಟೆ, ಬೆಣ್ಣೆ ಮುಟ್ಟದವರ ರಕ್ತದಲ್ಲೂ ಕೊಲೆಸ್ಟರಾಲ್ ಇರುವುದು ಇದರಿಂದ.

ಲಿವರ್ ತಾನೂ ಜಿಡ್ಡಿನ ಮೂಟೆ ಕಟ್ಟಿ ಹಗಲೂ ರಾತ್ರಿ ರಕ್ತಕ್ಕೆ ಕಳಿಸುತ್ತಿರುತ್ತದೆ. ಇದರ ಹೊದಿಕೆಗೆ ಅಪೊ ಬಿ-100 ಅಂತ ಹೆಸರು. ಮೂಟೆಗೆ ಒಂದೇ ಒಂದು. ಹೊರಟಾಗ ಇದರಲ್ಲಿ ಟ್ರೈಗ್ಲಿಸರೈಡೇ ಹೆಚ್ಚು. ದಾರಿಯಲ್ಲಿ ಅದೇ ಲೈಪೇಸ್ ಎಣ್ಣೆಯನ್ನೆಲ್ಲ ಒಡೆದುಕೊಳ್ಳುತ್ತದೆ. ಅರೆ ಖಾಲಿಯಾದ ಮೂಟೆಗಳಲ್ಲಿ ಒಂದಿಷ್ಟನ್ನು ಲಿವರ್ ವಾಪಸು ತೆಗೆದುಕೊಳ್ಳುತ್ತದೆ. ಉಳಿದವು ಇನ್ನೂ ಕುಗ್ಗಿ, ಎಣ್ಣೆ ಹೋಗಿ, ಬಹುಪಾಲು ಕೊಲೆಸ್ಟರಾಲ್ ಮಾತ್ರ ಉಳಿದ ಚಿಕ್ಕ ಮೂಟೆಯಾಗುತ್ತವೆ. ಅದೇ ಎಲ್‌ಡಿಎಲ್. ಒಂದೊಂದು ಮೂಟೆಯಲ್ಲೂ ಸುಮಾರು ಒಂದೂವರೆ ಸಾವಿರ ಕೊಲೆಸ್ಟರಾಲ್ ಅಣುಗಳು ಒಳಗೆ ತುಂಬಿರುತ್ತವೆ. ಈಗ ಇದನ್ನು ರಕ್ತದಿಂದ ಎತ್ತಬೇಕು. ಎತ್ತುವವರು ಯಾರು?

ಜೀವಕೋಶದ ಬಾಗಿಲು

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮೆರಿಕದ ಡಲ್ಲಾಸ್ ನಗರದಲ್ಲಿ. ಮೈಕೆಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಯುವ ವೈದ್ಯರು 1968ರಲ್ಲಿ ಅಣ್ಣ ತಂಗಿ ಇಬ್ಬರು ಮಕ್ಕಳನ್ನು ನೋಡಿದ್ದರು. ಎಂಟು ವರ್ಷದ ಹುಡುಗ, ಆರು ವರ್ಷದ ಹುಡುಗಿ. ರಕ್ತದಲ್ಲಿ ಕೊಲೆಸ್ಟರಾಲ್ ವಿಪರೀತ. ಅಷ್ಟು ಚಿಕ್ಕ ಮಕ್ಕಳಿಗೇ ಹೃದಯದ ಕಾಯಿಲೆ. ಈ ಮಕ್ಕಳು ಏನು ಮಹಾ ತಿಂದಿರಲು ಸಾಧ್ಯ ಎಂಬ ಯೋಚನೆ ಅವರನ್ನು ಬಿಡಲಿಲ್ಲ.

ಇಂಥ ರೋಗಿಗಳ ಚರ್ಮದಿಂದ ಜೀವಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಆರೋಗ್ಯವಂತರ ಜೀವಕೋಶಗಳ ಜೊತೆ ಹೋಲಿಸಿ ನೋಡಿದರು. 1973-74ರ ಹೊತ್ತಿಗೆ ಗುಟ್ಟು ಹೊರಬಿತ್ತು. ಆರೋಗ್ಯವಂತರ ಜೀವಕೋಶದ ಮೈಮೇಲೆ ಎಲ್‌ಡಿಎಲ್ ಮೂಟೆಯ ಚೀಟಿಯನ್ನು ಓದಿ ಹಿಡಿದುಕೊಳ್ಳುವ ಒಂದು ಪ್ರೋಟೀನು ಇತ್ತು. ಆ ರೋಗಿಗಳ ಜೀವಕೋಶದಲ್ಲಿ ಅದು ಇರಲಿಲ್ಲ, ಇಲ್ಲವೇ ಕೆಟ್ಟಿತ್ತು. ಇದನ್ನು ವೈದ್ಯರು ಗ್ರಾಹಿ ಅನ್ನುತ್ತಾರೆ. ನಾವು ಬಾಗಿಲು ಅನ್ನೋಣ. ಈ ಇಬ್ಬರಿಗೂ 1985ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಬಾಗಿಲಿನ ಕೆಲಸ ನೋಡಿದರೆ ಬೆರಗಾಗುತ್ತದೆ. ಜೀವಕೋಶದ ಮೈಮೇಲೆ ಅಲ್ಲಲ್ಲಿ ಗುಳಿಗಳಿವೆ. ಬಾಗಿಲುಗಳು ಅಲ್ಲಿ ಗುಂಪಾಗಿ ಕೂತಿರುತ್ತವೆ. ಎಲ್‌ಡಿಎಲ್ ಬಂದು ಅಂಟಿದ ಕೂಡಲೇ ಗುಳಿ ಒಳಕ್ಕೆ ಬಾಗಿ, ಬಾಯಿ ಮುಚ್ಚಿ, ಚೀಲವಾಗಿ ಒಳಗೆ ಹೋಗುತ್ತದೆ. ಒಳಗೆ ಹುಳಿಯ ವಾತಾವರಣ. ಆ ಹುಳಿಗೆ ಬಾಗಿಲು ಮೂಟೆಯನ್ನು ಬಿಟ್ಟುಬಿಡುತ್ತದೆ. ಮೂಟೆ ಇನ್ನೂ ಒಳಗೆ ಹೋಗಿ ಪೂರ್ತಿ ಜೀರ್ಣವಾಗುತ್ತದೆ, ಕೊಲೆಸ್ಟರಾಲ್ ಕೆಲಸಕ್ಕೆ ಸಿಗುತ್ತದೆ. ಬಾಗಿಲು ಮಾತ್ರ ಕೆಡುವುದಿಲ್ಲ. ವಾಪಸು ಮೇಲಕ್ಕೆ ಬಂದು ಇನ್ನೊಂದು ಮೂಟೆಗೆ ಕಾಯುತ್ತದೆ. ಹತ್ತು ನಿಮಿಷಕ್ಕೆ ಒಂದು ಸುತ್ತು. ನೀವು ಬಾವಿಗೆ ಬಿಂದಿಗೆ ಇಳಿಸಿ ಸೇದುವ ಹಾಗೆ, ಒಂದೇ ಬಿಂದಿಗೆ, ನೂರು ಸಲ.

ಇನ್ನೊಂದು ಜಾಣತನ ಇದೆ. ಒಳಗೆ ಕೊಲೆಸ್ಟರಾಲ್ ಸಾಕಷ್ಟಿದ್ದರೆ ಜೀವಕೋಶ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಕೊರತೆಯಾದರೆ ಹೆಚ್ಚು ಬಾಗಿಲು ಹೊರಗಿಡುತ್ತದೆ. ಈ ಮಾತು ಮನಸ್ಸಿನಲ್ಲಿರಲಿ; ಮುಂದೆ ಮಾತ್ರೆಯ ವಿಷಯಕ್ಕೆ ಬೇಕಾಗುತ್ತದೆ.

ಬಾಗಿಲೇ ಕಡಿಮೆಯಿದ್ದರೆ

ಮೈಯಲ್ಲಿ ಎಲ್ಲೆಡೆ ಈ ಬಾಗಿಲುಗಳಿದ್ದರೂ ಹೆಚ್ಚಿನ ಕೆಲಸ ಲಿವರಿನದು. ಇದಕ್ಕೆ ಒಂದು ಕಣ್ಣೀರು ಬರಿಸುವ ಸಾಕ್ಷಿ ಉಂಟು. ಅಮೆರಿಕದ ಟೆಕ್ಸಾಸಿನ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಗೆ ಬಾಗಿಲುಗಳು ಹುಟ್ಟಿನಿಂದಲೇ ಇರಲಿಲ್ಲ ಎನ್ನುವಷ್ಟು ಕಡಿಮೆ. ಅಷ್ಟರಲ್ಲೇ ಹೃದಯ ಸೋತಿತ್ತು. 1984ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ ಆಕೆಗೆ ಹೃದಯ, ಲಿವರ್ ಎರಡನ್ನೂ ಬದಲಾಯಿಸಿದರು. ಹೊಸ ಲಿವರಿನ ಜೊತೆ ಹೊಸ ಬಾಗಿಲುಗಳು ಬಂದವು. 988 ಇದ್ದ ಎಲ್‌ಡಿಎಲ್ ಹತ್ತು ವಾರಗಳಲ್ಲಿ 184ಕ್ಕೆ ಇಳಿಯಿತು. ಊಟ ಬದಲಾಗಿದ್ದಕ್ಕಲ್ಲ, ಬಾಗಿಲು ಬಂದದ್ದಕ್ಕೆ. ಹುಡುಗಿ ಇನ್ನೂ ಆರು ವರ್ಷ ಬಾಳಿ, 1990ರಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಅಷ್ಟು ಉಗ್ರವಾದದ್ದು ಲಕ್ಷಕ್ಕೆ ಒಬ್ಬರಲ್ಲೂ ಕಾಣುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಬಂದರೆ ಮಾತ್ರ ಹಾಗೆ. ಆದರೆ ಒಂದು ಮಾತ್ರ ಕೆಟ್ಟಿರುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಸುಮಾರು 250ರಿಂದ 300 ಜನರಿಗೆ ಒಬ್ಬರಂತೆ. ಅಂದರೆ ಒಂದು ದೊಡ್ಡ ಮದುವೆಯೂಟದ ಸಾಲುಗಳಲ್ಲಿ ಮೂರು ನಾಲ್ಕು ಮಂದಿ ಕೂತಿರಬಹುದು. ಇವರಿಗೆ ಬಾಗಿಲುಗಳು ಅರ್ಧದಷ್ಟೇ. ಬೇರೆಯವರಲ್ಲಿ ಎರಡೂವರೆ ದಿನ ರಕ್ತದಲ್ಲಿ ಸುತ್ತುವ ಎಲ್‌ಡಿಎಲ್ ಮೂಟೆ ಇವರಲ್ಲಿ ಹೆಚ್ಚುಕಡಿಮೆ ಅದರ ಇಮ್ಮಡಿ ದಿನ ಸುತ್ತುತ್ತದೆ. ತಿನ್ನುವುದು ಹೆಚ್ಚಾಗಿಲ್ಲ, ತೆಗೆಯುವುದು ಕಡಿಮೆಯಾಗಿದೆ. ತೆಳ್ಳಗಿರಲಿ, ದಪ್ಪಗಿರಲಿ, ಇದಕ್ಕೆ ಮೈಕಟ್ಟಿನ ಹಂಗಿಲ್ಲ. ಬರೀ ಪಥ್ಯದಿಂದ ಇವರಿಗೆ ಹತ್ತರಲ್ಲಿ ಒಂದು ಪಾಲು ಇಳಿದರೆ ಹೆಚ್ಚು. ನಿಮ್ಮ ಮನೆಯಲ್ಲಿ 265 ಇದ್ದದ್ದು 250ಕ್ಕೆ ನಿಂತದ್ದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಬಹಳ ದಿನ ಸುತ್ತಿದ ಮೂಟೆಗಳು ಹೃದಯದ ರಕ್ತನಾಳದ ಗೋಡೆಯೊಳಗೆ ನುಸುಳಿ, ಅಲ್ಲಿ ಕೆಡುತ್ತವೆ. ಕೆಟ್ಟದ್ದನ್ನು ಬಾಚಲು ಬಿಳಿಯ ರಕ್ತಕಣಗಳು ಬರುತ್ತವೆ. ಇವುಗಳ ಮೈಮೇಲಿರುವುದು ಬೇರೆಯೇ ಜಾತಿಯ ಗ್ರಾಹಿ. ಅದಕ್ಕೆ ಹೊಟ್ಟೆ ತುಂಬಿತು ಅನ್ನೋದೇ ಇಲ್ಲ. ತಿಂದು ತಿಂದು ನೊರೆಯ ಹಾಗೆ ಊದಿಕೊಂಡು ಅಲ್ಲೇ ಬೀಳುತ್ತವೆ. ನಾಳದ ಗೋಡೆ ದಪ್ಪಗಾಗುವುದು, ಒಂದು ದಿನ ಒಡೆದು ಹೆಪ್ಪುಗಟ್ಟುವುದು ಹೀಗೆ. ಔಷಧಿ ಇಲ್ಲದೆ ಬಿಟ್ಟರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಐವತ್ತರೊಳಗೆ, ಹೆಂಗಸರಲ್ಲಿ ನೂರಕ್ಕೆ ಮೂವತ್ತು ಜನಕ್ಕೆ ಅರವತ್ತರೊಳಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಭಾವನವರ ಸಾವನ್ನು ಹಣೆಬರಹ ಎಂದಷ್ಟೇ ಬಿಡಬಾರದು ಎನ್ನುವುದು ಇದಕ್ಕೆ.

ಕಣ್ಣಿಗೆ ಕಾಣುವ ಕೆಲವು ಗುರುತುಗಳೂ ಉಂಟು. ಹಿಮ್ಮಡಿಯ ಮೇಲಿನ ದಪ್ಪ ನರ ಎರಡೂ ಕಾಲಲ್ಲಿ ಗಂಟುಗಂಟಾಗಿ ಊದಿರುವುದು, ಬೆರಳಿನ ಗೆಣ್ಣಿನ ಮೇಲೆ ಗಟ್ಟಿ ಗಂಟು, ಚಿಕ್ಕ ವಯಸ್ಸಿಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ. ಇವಿಲ್ಲದಿದ್ದರೆ ಕಾಯಿಲೆ ಇಲ್ಲ ಅಂತಲ್ಲ. ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸದೆ ಇರಬೇಡಿ. ದೊಡ್ಡವರಲ್ಲಿ ಎಲ್‌ಡಿಎಲ್ 190 ದಾಟಿದ್ದು, ರಕ್ತಸಂಬಂಧದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ ಈ ಅನುಮಾನ ಮೊದಲು ಬರಬೇಕು.

ಹೆಂಗಸರ ಲೆಕ್ಕ

ಮನೆಯವರ ಚೀಟಿಯನ್ನೆಲ್ಲ ಜೋಪಾನವಾಗಿಡುವ ನಮ್ಮ ಹೆಂಗಸರು ತಮ್ಮ ರಕ್ತವನ್ನು ಮಾತ್ರ ನೋಡಿಸಿಕೊಳ್ಳುವುದಿಲ್ಲ. ಹುಟ್ಟಿನಿಂದ ಬಾಗಿಲು ಸರಿಯಾಗಿದ್ದರೂ ಆಮೇಲೆ ಕಡಿಮೆಯಾಗುವುದುಂಟು. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಬಾಗಿಲುಗಳನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಅದರ ಆಸರೆ ತಪ್ಪುತ್ತದೆ, ಎಲ್‌ಡಿಎಲ್ ಏರುತ್ತದೆ. ಥೈರಾಯ್ಡ್ ಕಡಿಮೆ ಕೆಲಸ ಮಾಡುವವರಲ್ಲೂ ಹಾಗೇ. ಸುಸ್ತು, ಮೈ ಊತ, ಮಲಬದ್ಧತೆ, ಚಳಿ ತಡೆಯದಿರುವುದು ಇದ್ದು ಕೊಲೆಸ್ಟರಾಲೂ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಅದಕ್ಕೆ ಔಷಧಿ ತೆಗೆದುಕೊಂಡರೆ ಇದೂ ಇಳಿಯುವುದುಂಟು.

ಊಟದ ಪಾಲು ಎಷ್ಟು?

ಹಾಗಾದರೆ ಏನು ತಿಂದರೂ ನಡೆಯುತ್ತದೆಯೇ? ಇಲ್ಲ. ತುಪ್ಪ, ಬೆಣ್ಣೆ, ಕೆನೆ, ಪಾಮೆಣ್ಣೆ, ಕೊಬ್ಬರಿ ಎಣ್ಣೆ, ಕೊಬ್ಬಿನ ಮಾಂಸ, ಇವುಗಳಲ್ಲಿರುವ ಗಟ್ಟಿಜಿಡ್ಡು ಲಿವರಿನ ಬಾಗಿಲುಗಳನ್ನು ಕಡಿಮೆ ಮಾಡುತ್ತದೆ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಲ್ಲಿ ಆ ದೋಷ ಕಡಿಮೆ. ಆದರೆ ಅಳತೆ ಇರಲಿ. ತಿಂಗಳಿಗೆ ತಲೆಗೆ ಅರ್ಧ ಲೀಟರ್ ಅಂತ ಇಟ್ಟುಕೊಂಡರೆ ಸಾಕು. ಪೂರ್ತಿ ಬಿಡಬೇಕಾಗಿಲ್ಲ. ಬೆಳೆಯುವ ಮಕ್ಕಳಿಗೆ ಬಿಡಿಸಲೂ ಬಾರದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ನಮ್ಮ ಸೀಮೆಯ ಊಟದಲ್ಲಿ ಒಂದು ಒಳ್ಳೆಯ ಗುಣ ಉಂಟು. ಹುರಳಿ, ಅವರೆ, ತಡಗುಣಿ, ಮೆಂತ್ಯ, ಸೊಪ್ಪು, ಇವುಗಳಲ್ಲಿರುವ ಲೋಳೆಯಂಥ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕುತ್ತದೆ. ಹೋದ ಪಿತ್ತರಸವನ್ನು ತುಂಬಿಕೊಳ್ಳಲು ಲಿವರಿಗೆ ಕೊಲೆಸ್ಟರಾಲ್ ಬೇಕು. ಒಳಗೆ ಕೊರತೆ ಬಂತೆಂದರೆ ಏನಾಗುತ್ತದೆಂದು ಆಗಲೇ ಹೇಳಿದೆ: ಬಾಗಿಲು ಹೆಚ್ಚುತ್ತವೆ, ರಕ್ತದ ಎಲ್‌ಡಿಎಲ್ ಇಳಿಯುತ್ತದೆ.

ಮೈಸೂರಿನ ಚೆಲುವಾಂಬ ವಿಲಾಸದಲ್ಲಿರುವ ಆಹಾರ ಸಂಶೋಧನಾಲಯ, ಸಿಎಫ್‌ಟಿಆರ್‌ಐ, ನಿಮಗೆ ಗೊತ್ತಿದೆ. ಅಲ್ಲಿಯ ಸುಬ್ಬರಾವ್, ಚಂದ್ರಶೇಖರ, ಸತ್ಯನಾರಾಯಣ, ಶ್ರೀನಿವಾಸನ್ ಎಂಬ ವಿಜ್ಞಾನಿಗಳು 1970ರಲ್ಲಿ ಅರಿಶಿನದ ಕರ್ಕ್ಯುಮಿನ್ ಬಗ್ಗೆ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಲಿಗಳಿಗೆ ಬೇಕೆಂದೇ ಕೊಲೆಸ್ಟರಾಲ್ ತಿನ್ನಿಸಿ, ಕೆಲವಕ್ಕೆ ಜೊತೆಯಲ್ಲಿ ಕರ್ಕ್ಯುಮಿನ್ ಕೊಟ್ಟರು. ಕರ್ಕ್ಯುಮಿನ್ ತಿಂದ ಇಲಿಗಳ ರಕ್ತದಲ್ಲೂ ಲಿವರಿನಲ್ಲೂ ಕೊಲೆಸ್ಟರಾಲ್ ಅರ್ಧಕ್ಕೆ, ಮೂರನೆಯ ಒಂದು ಪಾಲಿಗೆ ಇಳಿದಿತ್ತು. ಪಿತ್ತಾಮ್ಲಗಳು, ಕೊಲೆಸ್ಟರಾಲ್ ಮಲದಲ್ಲಿ ಹೆಚ್ಚು ಹೋಗಿದ್ದವು. ನಮ್ಮ ಜಿಲ್ಲೆಯಲ್ಲೇ ಆದ ಕೆಲಸ, ಹೆಮ್ಮೆ ಪಡಬೇಕು. ಆದರೆ ಅದು ಇಲಿಗಳ ಮೇಲೆ, ಕರ್ಕ್ಯುಮಿನ್ನನ್ನೇ ಬೇರೆ ಮಾಡಿ ಕೊಟ್ಟ ಪರೀಕ್ಷೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಒಳ್ಳೆಯದೇ, ಹಾಕಿ. ಅದನ್ನು ನೆಚ್ಚಿಕೊಂಡು ಡಾಕ್ಟರ ಮಾತ್ರೆ ಬಿಡಬೇಡಿ. ಹುಟ್ಟಿನಿಂದ ಬಾಗಿಲು ಕಡಿಮೆ ಇರುವವರಿಗೆ ಊಟ ಆಸರೆಯಷ್ಟೆ, ಔಷಧಿಯಲ್ಲ.

ಮಾತ್ರೆ ಏನು ಮಾಡುತ್ತದೆ?

ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನಿಂದ ಒಂದು ವಸ್ತು ತೆಗೆದರು. ಸ್ಟ್ಯಾಟಿನ್ ಮಾತ್ರೆಗಳ ವಂಶ ಶುರುವಾದದ್ದು ಅಲ್ಲಿಂದ. ಈಗ ಡಾಕ್ಟರು ಬರೆಯುವ ಅಟೊರ್‌ವಾಸ್ಟಾಟಿನ್, ರೋಸುವಾಸ್ಟಾಟಿನ್ ಎಲ್ಲ ಅದೇ ವಂಶ. ಮಾತ್ರೆ ರಕ್ತದಲ್ಲಿರುವ ಕೊಬ್ಬನ್ನು ಕರಗಿಸುತ್ತದೆ ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಲಿವರ್ ತಾನೇ ಕೊಲೆಸ್ಟರಾಲ್ ಮಾಡಿಕೊಳ್ಳುವುದನ್ನು ಅದು ತಡೆಯುತ್ತದೆ. ಒಳಗೆ ಕೊರತೆಯಾಗುತ್ತದೆ. ಲಿವರ್ ಹೆಚ್ಚು ಬಾಗಿಲು ಹೊರಗಿಟ್ಟು ರಕ್ತದಿಂದ ಎಳೆದುಕೊಳ್ಳುತ್ತದೆ. ಅರ್ಧ ಬಾಗಿಲು ಇರುವವರಿಗೂ ಸರಿಯಾಗಿರುವ ಒಂದು ಪ್ರತಿ ಉಂಟಲ್ಲ, ಅದರಿಂದಲೇ ಹೆಚ್ಚು ಬಾಗಿಲು ಮಾಡಿಸುತ್ತದೆ ಈ ಮಾತ್ರೆ.

ಇದರಿಂದ ಒಂದು ವಿಷಯ ತಿಳಿಯುತ್ತದೆ. “ಕೊಲೆಸ್ಟರಾಲ್ ಇಳೀತಲ್ಲ, ಇನ್ನ್ಯಾಕೆ ಮಾತ್ರೆ” ಅಂತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಬಾಗಿಲು ಮತ್ತೆ ಕಡಿಮೆಯಾಗಿ ಲೆಕ್ಕ ಮೊದಲಿನ ಹಾಗೇ ಏರುತ್ತದೆ. ಇದು ಜ್ವರದ ಮಾತ್ರೆಯಲ್ಲ, ದಿನದಿನದ ಮಾತ್ರೆ. ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವರಿಗೆ ಮೈಕೈ ಮಾಂಸ ನೋಯುವುದುಂಟು. ಹಾಗಾದರೆ ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಮಾತ್ರೆಯನ್ನೋ ಪ್ರಮಾಣವನ್ನೋ ಬದಲಾಯಿಸುತ್ತಾರೆ. ಎಲ್‌ಡಿಎಲ್ ಸಾಮಾನ್ಯವಾಗಿ 100ರ ಕೆಳಗೆ, ಹೃದಯದ ತೊಂದರೆ ಆಗಲೇ ಇದ್ದರೆ ಇನ್ನೂ ಕೆಳಗೆ ಇರಲಿ ಅಂತ ಅವರು ನೋಡುತ್ತಾರೆ. ಒಂದು ಮಾತ್ರೆಗೆ ಬಗ್ಗದಿದ್ದರೆ ಇನ್ನೊಂದನ್ನು ಸೇರಿಸುತ್ತಾರೆ. ಈಚೆಗೆ ಬಾಗಿಲುಗಳು ಬೇಗ ಸವೆಯದಂತೆ ಕಾಯುವ ಚುಚ್ಚುಮದ್ದುಗಳೂ ಬಂದಿವೆ, ಬೆಲೆ ಮಾತ್ರ ಜಾಸ್ತಿ.

ಬಸುರಾಗುವ ಯೋಚನೆಯಿರುವ ಹೆಂಗಸರು, ಬಸುರಿಯರು, ಮೊಲೆಯೂಡಿಸುವ ತಾಯಂದಿರು ಸ್ಟ್ಯಾಟಿನ್ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಆ ಕಾಲಕ್ಕೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ಮಕ್ಕಳು, ನೆಂಟರು, ಸಂಬಂಧಗಳು

ಈ ದೋಷ ಇರುವ ತಂದೆಯಿಂದಾಗಲಿ ತಾಯಿಯಿಂದಾಗಲಿ ಒಂದೊಂದು ಮಗುವಿಗೂ ಬರುವ ಸಂಭವ ಎರಡಕ್ಕೆ ಒಂದು. ಹೆಣ್ಣು ಗಂಡೆಂಬ ಭೇದವಿಲ್ಲ. ಆದ್ದರಿಂದ ಸೋದರಿ, ನಿಮ್ಮ ಮಗಳಿಗೂ ಮಗನಿಗೂ ಈಗಲೇ ಒಂದು ಸಲ ರಕ್ತಪರೀಕ್ಷೆ ಮಾಡಿಸಿ. ಮನೆತನದಲ್ಲಿ ಹೀಗಿದ್ದು ಮಕ್ಕಳ ಎಲ್‌ಡಿಎಲ್ 160 ದಾಟಿದರೆ ಮಕ್ಕಳ ಡಾಕ್ಟರ ಸಲಹೆ ಬೇಕು. ಮಾತ್ರೆ ಬೇಕಾದರೂ ಸಾಮಾನ್ಯವಾಗಿ ಎಂಟು ಹತ್ತು ವರ್ಷ ತುಂಬಿದ ಮೇಲೆ ಶುರು ಮಾಡುತ್ತಾರೆ. ಹೆದರಬೇಡಿ. ಚಿಕ್ಕಂದಿನಿಂದಲೇ ಔಷಧಿ ಶುರುಮಾಡಿದವರು ಬೇರೆಯವರ ಹಾಗೆಯೇ ಬಾಳುತ್ತಾರೆ. ತಡವಾದಷ್ಟೂ ಕಷ್ಟ. ತೀರಿಹೋದ ಭಾವನವರ ಮಕ್ಕಳನ್ನು ಮರೆಯಬೇಡಿ. ಓರಗಿತ್ತಿಯ ಜೊತೆ ಮಾತು ಬಿಟ್ಟಿದ್ದರೂ ಸರಿ, ಈ ಒಂದು ಮಾತು ಹೇಳಿ ಬನ್ನಿ. ನಿಮ್ಮ ಯಜಮಾನರ ಅಕ್ಕತಂಗಿಯರಿಗೂ ಹೇಳಿ.

ಇನ್ನೊಂದು ವಿಷಯ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ. ಇಂಥ ಮನೆತನದಲ್ಲಿ ಒಳಸಂಬಂಧವಾಗಿ ಗಂಡು ಹೆಣ್ಣು ಇಬ್ಬರಲ್ಲೂ ಅದೇ ದೋಷ ಕೂಡಿದರೆ, ನಾಲ್ಕಕ್ಕೆ ಒಂದು ಮಗು ಸ್ಟಾರ್ಮಿಯ ಹಾಗೆ ಎರಡೂ ಕೆಟ್ಟ ಪ್ರತಿ ಹೊತ್ತು ಹುಟ್ಟುವ ಅಪಾಯ ಉಂಟು. ಜಾತಕದ ಜೊತೆ ಎರಡು ರಕ್ತಪರೀಕ್ಷೆಯ ಚೀಟಿಯನ್ನೂ ಕೂಡಿಸಿ ನೋಡುವುದರಲ್ಲಿ ಅವಮಾನವೇನಿಲ್ಲ.

ಯಜಮಾನರಿಗೆ ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಇದ್ದರೆ ಬಿಡಿಸಿ. ಹುಣಸೂರಿನಲ್ಲಿ ಹೊಗೆಸೊಪ್ಪು ಬೆಳೆಯುವುದು ಹೊಟ್ಟೆಪಾಡು, ಒಪ್ಪುವ ಮಾತು. ಸೇದುವುದು ಹೊಟ್ಟೆಪಾಡಲ್ಲ. ಹೊಗೆ ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ಲನ್ನು ಇಳಿಸುತ್ತದೆ, ರಕ್ತನಾಳದ ಗೋಡೆಯನ್ನು ಕೆಡಿಸುತ್ತದೆ. ಆಗಲೇ ಬಾಗಿಲು ಕಡಿಮೆ ಇರುವವರಿಗೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಇಸಿಜಿ ಸರಿಯಿದ್ದರೆ ಸಾಕೇ?

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗ, 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ, ಜನ ಗಾಬರಿಬಿದ್ದು ಆಸ್ಪತ್ರೆಗಳಿಗೆ ಓಡಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಇಸಿಜಿ ತೆಗೆಸಿ, ಸರಿಯಿದೆ ಅಂತ ಸಮಾಧಾನಪಟ್ಟು ಮನೆಗೆ ಬಂದವರು ಎಷ್ಟೋ. ಇಸಿಜಿ ಹೃದಯದ ಈ ಗಳಿಗೆಯ ಬಡಿತವನ್ನು ಹೇಳುತ್ತದೆ. ರಕ್ತದಲ್ಲಿ ಎಷ್ಟು ಎಲ್‌ಡಿಎಲ್ ಸುತ್ತುತ್ತಿದೆ ಅನ್ನೋದನ್ನ ಹೇಳುವುದಿಲ್ಲ. ಅದಕ್ಕೆ ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆಯೇ ಬೇಕು. ಗಾಬರಿಗೆ ಓಡುವುದಕ್ಕಿಂತ ಇಪ್ಪತ್ತು ವರ್ಷ ತುಂಬಿದ ಮೇಲೆ ಒಂದು ಸಲ, ಆಮೇಲೆ ಡಾಕ್ಟರು ಹೇಳಿದ ಹಾಗೆ, ಅದನ್ನು ಮಾಡಿಸಿಕೊಳ್ಳುವುದು ಮೇಲು.

ಎದೆ ಬಿಗಿತ, ಎಡತೋಳಿಗೆ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸು ಅಂತ ಸೋಡಾ ಕುಡಿಸಿ ಕೂರಬೇಡಿ. ಹೆಂಗಸರಲ್ಲಿ ಬರೀ ಉಸಿರು ಸಿಕ್ಕಿಕೊಳ್ಳುವುದು, ವಿಪರೀತ ಸುಸ್ತು, ವಾಕರಿಕೆಯಾಗಿಯೂ ಕಾಣಿಸಬಹುದು. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೂರದ ಹೃದಯತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಈ ಸಲದ ಅಡಿಗೆ: ಹುರಳಿಕಾಳು ನುಗ್ಗೆಸೊಪ್ಪಿನ ಬಸ್ಸಾರು

(ನಾಲ್ಕು ಜನಕ್ಕೆ, ಎರಡೇ ಚಮಚ ಎಣ್ಣೆಯಲ್ಲಿ)

ಒಂದು ಲೋಟ ಹುರಳಿಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಐದಾರು ಲೋಟ ನೀರಲ್ಲಿ ಮೆತ್ತಗೆ ಬೇಯಿಸಿ. ಬೆಂದ ಮೇಲೆ ಎರಡು ಹಿಡಿ ಬಿಡಿಸಿದ ನುಗ್ಗೆಸೊಪ್ಪು, ಉಪ್ಪು ಹಾಕಿ ಒಂದು ಕುದಿ ಬರಿಸಿ, ಕಟ್ಟನ್ನು ಬಸಿದಿಟ್ಟುಕೊಳ್ಳಿ. ಈರುಳ್ಳಿ ಒಂದು, ಬೆಳ್ಳುಳ್ಳಿ ಎಂಟು ಎಸಳನ್ನು ಎಣ್ಣೆಯಿಲ್ಲದೆ ಬಾಣಲೆಯಲ್ಲಿ ಬಾಡಿಸಿ. ಜೀರಿಗೆ, ಮೆಣಸು, ಎರಡು ಚಮಚ ಸಾರಿನ ಪುಡಿ, ಚಿಟಿಕೆ ಅರಿಶಿನ, ಅಡಿಕೆ ಗಾತ್ರದ ಹುಣಸೆಹಣ್ಣು, ಎರಡೇ ಚಮಚ ತೆಂಗಿನ ತುರಿ ಸೇರಿಸಿ ರುಬ್ಬಿ. ತೆಂಗಿನಕಾಯಿ ಕಡಿಮೆಯಾದದ್ದಕ್ಕೆ ಬೆಂದ ಹುರಳಿಯನ್ನೇ ಒಂದು ಹಿಡಿ ಹಾಕಿ ರುಬ್ಬಿದರೆ ಸಾರು ಗಟ್ಟಿಯಾಗುತ್ತದೆ. ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಬಸಿದ ಕಾಳು ಸೊಪ್ಪಿಗೆ ಇನ್ನೊಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ ಪಲ್ಯ ಮಾಡಿ. ಬಿಸಿ ಮುದ್ದೆಗೆ ಸೊಗಸಾಗಿರುತ್ತದೆ. ಮಾರನೆಯ ದಿನ ಕುದಿಸಿದ ಸಾರಿಗೆ ಇನ್ನೂ ರುಚಿ ಹೆಚ್ಚು.